ಮಾರುತಿ 800ರ ಮುಂದಿನ ಸಸ್ಪೆನ್ಷನ್: ಮನೆಯಂಗಳದಲ್ಲೇ ಲೋಯರ್ ಆರ್ಮ್ ಬದಲಾವಣೆ

ಶನಿವಾರ, ಸದ್ದು ಹುಡುಕಿದ್ದು

ನಮ್ಮ 2007ರ ಮಾರುತಿ 800 ಎರಡು ತಿಂಗಳಿಂದ ಒಂದೇ ಥರ ಸದ್ದು ಮಾಡುತ್ತಿತ್ತು. ಬ್ರೇಕ್ ಒತ್ತಿದರೆ ಮುಂದಿನ ಎಡಗಡೆಯಿಂದ ‘ಟಕ್’. ಬ್ರೇಕ್ ಬಿಟ್ಟು ಹೊರಟರೆ ಇನ್ನೊಂದು ‘ಟಕ್’. ಹಂಪ್ ದಾಟುವಾಗಂತೂ ತಗಡಿನ ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಹಾಸನದಿಂದ ಸಕಲೇಶಪುರಕ್ಕೆ ವಾರವಾರ ಹೋಗಿಬರುವ ಗಾಡಿ ಇದು. ಅಪ್ಪ ಕೊಂಡಿದ್ದು. ಇದನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಆಸೆ.

ಒತ್ತಿದರೆ ಒಂದು, ಬಿಟ್ಟರೆ ಒಂದು ಸದ್ದು ಬಂದರೆ ಚಕ್ರ ಹಿಂದೆ ಮುಂದೆ ಸರಿಯುತ್ತಿದೆಯಾ ಅಂತ ಮೊದಲು ನೋಡಬೇಕು. ಈ ಗಾಡಿಯಲ್ಲಿ ಲೋಯರ್ ಆರ್ಮ್, ಅಂದರೆ ಚಕ್ರವನ್ನು ಕೆಳಗಿನಿಂದ ಗಾಡಿಯ ಮೈಗೆ ಹಿಡಿದಿಡುವ ತೋಳು, ಒಳಗಡೆ ಒಂದೇ ಬೋಲ್ಟಿನ ಮೇಲೆ ನಿಂತಿರುತ್ತದೆ. ಅದು ಹಿಂದಕ್ಕೆ ಹೋಗದಂತೆ ಹಿಡಿದುಕೊಳ್ಳುವುದು ಎರಡೂ ಕಡೆಯ ಆರ್ಮ್‌ಗಳನ್ನು ಜೋಡಿಸುವ ಉಕ್ಕಿನ ಸರಳು, ಸ್ಟೆಬಿಲೈಜರ್ ಬಾರ್. ಎಷ್ಟೋ ಗಾಡಿಗಳಲ್ಲಿ ಆ ಬಾರ್ ತಿರುವಿನಲ್ಲಿ ಗಾಡಿ ವಾಲದಂತೆ ನೋಡಿಕೊಂಡರೆ ಸಾಕು. ಇಲ್ಲಿ ಅದಕ್ಕೆ ಎರಡು ಕೆಲಸ. ತುದಿಯ ರಬ್ಬರ್ ಬುಷ್ ಸವೆದರೆ ಬ್ರೇಕ್ ಹಾಕಿದಾಗೆಲ್ಲ ಚಕ್ರವೇ ಹಿಂದಕ್ಕೆ ಜರುಗುತ್ತದೆ.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಕಡೆ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಗಾಡಿಯ ಜೊತೆ ಬಂದ ಜಾಕಿ ಎತ್ತುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬಾರದು. ಎರಡೂ ಕಡೆ ಯಾಕೆ ಎತ್ತಬೇಕು ಅಂದರೆ, ಒಂದೇ ಕಡೆ ಎತ್ತಿದರೆ ಬಾರ್ ತಿರುಚಿಕೊಂಡು ನಿಲ್ಲುತ್ತದೆ. ನಟ್ ಬಿಚ್ಚಿದ ಕೂಡಲೇ ಹಾರುತ್ತದೆ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಎಡಗಡೆ ಪ್ಲೇ (ಸಡಿಲ ಆಟ) ಇತ್ತು. ಚಕ್ರದ ಬೇರಿಂಗೋ, ಆರ್ಮಿನ ಹೊರತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟೋ? ಮಗಳನ್ನು ಒಳಗೆ ಕೂರಿಸಿದೆ.

“ಅಪ್ಪಾ, ಒತ್ಲಾ?”

“ಒತ್ತು ಪುಟ್ಟಿ, ಬಿಡ್ಬೇಡ.”

ಬ್ರೇಕ್ ಒತ್ತಿ ಹಿಡಿದಾಗ ಪ್ಲೇ ಹೋದರೆ ಬೇರಿಂಗ್. ಹೋಗಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಬಾಲ್ ಜಾಯಿಂಟಿನ ರಬ್ಬರ್ ಮುಸುಕು (ಬೂಟ್) ಹರಿದು, ಗ್ರೀಸ್ ಇರಬೇಕಾದ ಕಡೆ ಒಣಗಿದ ಕೆಂಪು ಕೆಸರು. ಚಕ್ರವನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದಾಗ ಸ್ಟೀರಿಂಗಿಗೆ ಚಕ್ರವನ್ನು ಜೋಡಿಸುವ ಟೈ ರಾಡ್ ಎಂಡ್ ಕೂಡ ಆಡುತ್ತಿತ್ತು.

ಎರಡು ಲೋಯರ್ ಆರ್ಮ್, ಎರಡು ಟೈ ರಾಡ್ ಎಂಡ್, ಬಾರಿನ ಬುಷ್ ಸೆಟ್, ನಟ್ ಕಳಚದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ತಂದೆ. ಹಳೇ ಆರ್ಮಿಗೇ ಬಾಲ್ ಜಾಯಿಂಟ್ ಒತ್ತಿ ಕೂರಿಸಿಕೊಡುವವರಿದ್ದಾರೆ. ನನಗೆ ಅದು ಸರಿ ಅನ್ನಿಸಲಿಲ್ಲ. ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಪೂರ್ತಿ ಆರ್ಮೇ ಹಾಕಿದೆ.

ಭಾನುವಾರ, ಬಿಚ್ಚಿದ್ದು

ರಾತ್ರಿಯೇ ಎಲ್ಲ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಆದರೂ ಎಡಗಡೆ ಬಾರಿನ ಸ್ಪ್ಲಿಟ್ ಪಿನ್ ಒಳಗೇ ಮುರಿಯಿತು. ಸಣ್ಣ ಡ್ರಿಲ್ ಬಿಟ್ಟಿನಿಂದ ಅದನ್ನು ತೆಗೆಯುವುದಕ್ಕೇ ಮುಕ್ಕಾಲು ಗಂಟೆ ಹೋಯಿತು.

ಬಾಲ್ ಜಾಯಿಂಟ್ ಬೋಲ್ಟನ್ನು ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಜಾಯಿಂಟಿನ ಕಡ್ಡಿಯಲ್ಲಿ ಒಂದು ಕಚ್ಚು ಇದೆ, ಬೋಲ್ಟ್ ಅದರೊಳಗೇ ಹಾದುಹೋಗುತ್ತದೆ. ಅದನ್ನು ತೆಗೆದು, ನಕಲ್ಲಿನ (ಚಕ್ರವನ್ನು ಹೊತ್ತಿರುವ ಕಬ್ಬಿಣದ ಭಾಗ) ಸೀಳಿಗೆ ಚಿಸಲ್ ಇಟ್ಟು ಮೆಲ್ಲಗೆ ಬಡಿದೆ. ಒಂದು ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಹಾರೆಯಿಂದ ಆರ್ಮನ್ನು ಕೆಳಗೆ ಒತ್ತಿದರೆ ಬಂತು. ಇಲ್ಲಿ ಒಂದು ಎಚ್ಚರ: ನಕಲ್ ಬಿಡಿಯಾದ ಮೇಲೆ ಅದನ್ನು ಹೊರಗೆ ಎಳೆಯಬೇಡಿ. ಆಕ್ಸೆಲ್‌ನ ಒಳಗಿನ ಜಾಯಿಂಟ್ ಕಳಚಬಹುದು, ಬ್ರೇಕ್ ಹೋಸ್ ಮೇಲೂ ಭಾರ ಬೀಳುತ್ತದೆ. ನಾನು ಹಗ್ಗದಿಂದ ಕಟ್ಟಿಟ್ಟಿದ್ದೆ.

ಟೈ ರಾಡ್ ಎಂಡ್ ಬಿಚ್ಚುವಾಗ ಸುತ್ತು ಎಣಿಸಿದೆ. ಎಡಕ್ಕೆ ಹದಿನಾಲ್ಕೂವರೆ, ಬಲಕ್ಕೆ ಹದಿನಾಲ್ಕು. ಹೊಸದನ್ನೂ ಅಷ್ಟೇ ಸುತ್ತಿಸಿದೆ.

ಹಳೇ ಆರ್ಮನ್ನು ಜಗಲಿ ಮೇಲಿಟ್ಟು ಒಳಬುಷ್ ಒರೆಸಿ ನೋಡಿದೆ. ನಡುವೆ ಉಕ್ಕಿನ ಕೊಳವೆ, ಸುತ್ತ ಅದಕ್ಕೆ ಅಂಟಿದ ರಬ್ಬರ್. ಆ ರಬ್ಬರ್ ಎಲ್ಲೆಂದರಲ್ಲಿ ಸೀಳಿರಲಿಲ್ಲ. ಎಲ್ಲ ಸೀಳೂ ಒಂದೇ ದಿಕ್ಕಿಗೆ, ಬಟ್ಟೆ ಹಿಂಡಿದಾಗ ಮಡಿಕೆ ಬೀಳುವ ಹಾಗೆ ಓರೆಯಾಗಿದ್ದವು. ಈ ಬುಷ್ ಹಾಕಿಸಿ ಎರಡು ವರ್ಷ ಕೂಡ ಆಗಿಲ್ಲ. ಹಾಕಿದ ಗ್ಯಾರೇಜಿನಲ್ಲಿ ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬಿಗಿ ಮಾಡಿದ್ದನ್ನು ನಾನೇ ನಿಂತು ನೋಡಿದ್ದೆ. ಆಗ ಅದು ತಪ್ಪು ಅಂತ ಗೊತ್ತಿರಲಿಲ್ಲ.

ಬೋಲ್ಟ್ ಬಿಗಿಯಾದರೆ ನಡುವಿನ ಕೊಳವೆ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಹೋಗುವುದು ರಬ್ಬರ್ ತಿರುಚಿಕೊಳ್ಳುವುದರಿಂದಲೇ. ಚಕ್ರ ಇಳಿಬಿದ್ದಾಗ ಬಿಗಿ ಮಾಡಿದರೆ ರಬ್ಬರ್‌ಗೆ ಅದೇ ಆರಾಮದ ಜಾಗ. ಗಾಡಿ ಕೆಳಗಿಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಸುಮ್ನೆ ನಿಂತಿದ್ದಾಗಲೂ. ಅದರ ಮೇಲೆ ಗುಂಡಿ ಹಂಪ್ ಬೇರೆ. ಎಷ್ಟು ದಿನ ತಡೆದೀತು, ಅಲ್ವಾ?

ಹಾಗಾಗಿ ಎಲ್ಲ ಜೋಡಿಸಿ, ಒಳಬೋಲ್ಟುಗಳನ್ನು ಕೈಬಿಗಿಯಲ್ಲೇ ಬಿಟ್ಟೆ. ಚಕ್ರ ಹಾಕಿ, ಕೆಳಗೆ ಅಗಲವಾದ ದಪ್ಪ ಹಲಗೆಗಳನ್ನಿಟ್ಟು ಗಾಡಿ ಇಳಿಸಿದೆ. ಬಾನೆಟ್ ಹಿಡಿದು ನಾಲ್ಕೈದು ಸಲ ಒತ್ತಿ ಬಿಟ್ಟೆ. ಗಾಡಿ ತನ್ನ ಸಹಜ ಎತ್ತರಕ್ಕೆ ಬಂದು ಕೂತಿತು. ಆಮೇಲೆ ಒಳಗೆ ನುಸುಳಿ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದೆ. ಈ ಹತ್ತು ನಿಮಿಷದ ಕೆಲಸವನ್ನು ದಯವಿಟ್ಟು ಬಿಡಬೇಡಿ. ಗ್ಯಾರೇಜಿಗೆ ಕೊಟ್ಟರೂ ಪಕ್ಕದಲ್ಲಿ ನಿಂತು ಕೇಳಿ ಮಾಡಿಸಿ.

ಮಂಗಳವಾರ, ಅಲೈನ್‌ಮೆಂಟ್

ಸುತ್ತು ಎಣಿಸಿ ಹಾಕಿದ್ದು ಅಲೈನ್‌ಮೆಂಟ್ ಅಂಗಡಿವರೆಗೆ ಓಡಿಸುವುದಕ್ಕೆ ಮಾತ್ರ. ಟೋ, ಅಂದರೆ ಮುಂದಿನ ಚಕ್ರಗಳು ಒಳಗೋ ಹೊರಗೋ ತಿರುಗಿರುವ ಕೋನ, ಸ್ವಲ್ಪ ಹೊರಗಿತ್ತು, ಸರಿ ಮಾಡಿಸಿದೆ. ಸ್ಟೀರಿಂಗ್ ಈಗ ನೆಟ್ಟಗಿದೆ. ವಾಪಸ್ ಬರುವಾಗ ನಮ್ಮ ಬೀದಿಯ ಹಂಪಿನ ಮುಂದೆ ಬೇಕಂತಲೇ ಬ್ರೇಕ್ ಒತ್ತಿದೆ. ಟಕ್ ಇಲ್ಲ. ಮಗಳು ಹಿಂದಿನ ಸೀಟಿನಿಂದ “ಇನ್ನೊಂದ್ಸಲ ಹೋಗೋಣ” ಅಂದಳು. ಹೋದೆವು.

ಉಳಿದದ್ದು: ಬಲಗಡೆ ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ಮೇಲೆ ಎಣ್ಣೆ ಜಿಡ್ಡು ಕಾಣಿಸಿದೆ. ಒಂದು ಕಡೆ ಹೋದರೆ ಎರಡನ್ನೂ ಬದಲಿಸಬೇಕು. ಅದರ ಸ್ಪ್ರಿಂಗ್ ಬಿಚ್ಚುವ ಕೆಲಸ ಮನೆಯಲ್ಲಿ ಮಾಡುವುದಿಲ್ಲ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಅಪಾಯ. ಸ್ಟ್ರಟ್ ನಾನೇ ಇಳಿಸಿ, ಅದರ ಸ್ಪ್ರಿಂಗನ್ನು ಹೊಸ ಸ್ಟ್ರಟ್‌ಗೆ ಹಾಕಿಸುವುದಕ್ಕೆ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇರುವ ಮೆಕ್ಯಾನಿಕ್ ಹತ್ತಿರ ಒಯ್ಯುತ್ತೇನೆ. ಅಷ್ಟರಲ್ಲಿ ಐನೂರು ಕಿಲೋಮೀಟರ್ ಆಗಿರುತ್ತದೆ, ಈ ಬೋಲ್ಟುಗಳನ್ನೂ ಆಗ ಇನ್ನೊಮ್ಮೆ ನೋಡುವುದಿದೆ.