ಆ ರಾತ್ರಿ ನಾನು ಆಲಂ ಮಾತ್ರ ಏರಿಸುತ್ತಾ ಹೋದೆ

ಹಾಸನ ಜಿಲ್ಲೆಯಲ್ಲಿ ಹೇಮಾವತಿ ಹೊಳೆಯ ನೀರು ಎತ್ತಿ, ಶುದ್ಧ ಮಾಡಿ ಊರಿಗೆ ಬಿಡುವ ಒಂದು ಸಣ್ಣ ಪ್ಲಾಂಟ್. ನಾನು ಟ್ರೈನಿಂಗ್‌ಗೆ ಸೇರಿ ಮೂರನೇ ತಿಂಗಳು. ಪುನರ್ವಸು ಮಳೆ ಮೂಡಿಗೆರೆ ಕಡೆ ಎರಡು ದಿನ ಬಿಡದೆ ಹೊಯ್ದಿತ್ತು. ಅಲ್ಲಿ ಹೊಯ್ದರೆ ಹೊಳೆ ನೀರು ಎತ್ತುವ ಬಾವಿಗೆ, ನಮ್ಮ ಜಾಕ್‌ವೆಲ್‌ಗೆ ಕೆಮ್ಮಣ್ಣು ಕಲಸಿದ ನೀರೇ ಬರುವುದು.

ರಾತ್ರಿ ಹನ್ನೊಂದಕ್ಕೆ ರಾ ವಾಟರ್ ಟರ್ಬಿಡಿಟಿ, ಅಂದರೆ ಹೊಳೆ ನೀರಿನ ಕಲಕು, 40 ಎನ್‌ಟಿಯು ಇತ್ತು. ಒಂದು ಗಂಟೆಗೆ 310. ಸೀನಿಯರ್ ಆಪರೇಟರ್ ಪಂಪ್‌ಹೌಸ್‌ಗೆ ಹೋಗಿದ್ದರು. ಮಣ್ಣನ್ನು ಗಂಟು ಕಟ್ಟಿಸಿ ಕೆಳಗಿಳಿಸುವ ಆಲಂ (ಪಟಿಕ) ಡೋಸನ್ನು ನಾನೇ ಲೀಟರಿಗೆ 30 ಮಿಲಿಗ್ರಾಂನಿಂದ 45 ಮಾಡಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ, ಮಣ್ಣು ತಳಕ್ಕೆ ಕೂರುವ ತೊಟ್ಟಿ, ಕ್ಲಾರಿಫಯರ್ ಹಾಗೇ ಇದೆ. 60 ಮಾಡಿದೆ. ಮತ್ತೆ ಅರ್ಧ ಗಂಟೆ, 80.

ನಮ್ಮ ಕ್ಲಾರಿಫಯರ್‌ನಲ್ಲಿ ನೀರು ಎರಡೂವರೆ ಗಂಟೆ ನಿಲ್ಲುತ್ತದೆ. ಒಂದು ಗಂಟೆಗೆ ಹಾಕಿದ ಡೋಸ್ ಏನು ಮಾಡಿತು ಅಂತ ಗೊತ್ತಾಗುವುದು ಮೂರೂವರೆಗೆ. ಕ್ಲಾಸಿನಲ್ಲಿ ಬರೆದುಕೊಂಡ ಮಾತೇ ಅದು. ಆದರೆ ಟಾರ್ಚ್ ಹಿಡಿದು ಕೆಂಪು ನೀರು ನೋಡುತ್ತಾ ನಿಂತಾಗ ಕೈ ಸುಮ್ನೆ ಇರಲಿಲ್ಲ.

ಮೂರೂ ಮುಕ್ಕಾಲಿಗೆ ಫಿಲ್ಟರ್ ಎರಡರಲ್ಲೂ ಹೆಡ್‌ಲಾಸ್ ಏರಿತು, ಅಂದರೆ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು. ಫಿಲ್ಟರ್ ಆದ ನೀರೇ 9 ಎನ್‌ಟಿಯು. ಇರಬೇಕಾದದ್ದು 1, ಬೇರೆ ದಾರಿಯೇ ಇಲ್ಲದಿದ್ದರೆ 5. ಬೆಳಿಗ್ಗೆ ಆರಕ್ಕೆ ಸಪ್ಲೈ. ಟ್ಯಾಂಕ್ ಅರ್ಧವೂ ತುಂಬಿರಲಿಲ್ಲ. ಬಾಯಿ ಒಣಗಿತ್ತು. ಸೀನಿಯರ್‌ಗೆ ಫೋನ್ ಮಾಡಿ, 'ಅಣ್ಣಾ, 80 ಹಾಕಿದ್ರೂ ಫ್ಲಾಕ್ ಕಟ್ತಾ ಇಲ್ಲ' ಅಂದೆ. ಫ್ಲಾಕ್ ಅಂದರೆ ಮಣ್ಣು ಒಟ್ಟುಗೂಡಿ ಆಗುವ ಗಂಟು.

ಅವರು ಕೇಳಿದ್ದು ಒಂದೇ: 'ಪಿಎಚ್ ನೋಡಿದ್ಯಾ?'

ನೋಡಿರಲಿಲ್ಲ. ನೋಡಿದರೆ 4.8, ತೀರಾ ಹುಳಿ.

ಬಂದವರು ಮೊದಲು ಟ್ಯಾಂಕಿಗೆ ನೀರು ಹೋಗುವ ಕ್ಲಿಯರ್ ವಾಟರ್ ವಾಲ್ವ್ ಮುಚ್ಚಿಸಿದರು. ಆಮೇಲೆ ಜಾರ್ ಟೆಸ್ಟ್‌ಗೆ ಕೂತೆವು: ಒಂದೊಂದು ಜಾರ್‌ನ ನೀರಿಗೆ ಒಂದೊಂದು ಡೋಸ್ ಹಾಕಿ, ಪ್ಯಾಡಲ್‌ನಿಂದ ತಿರುಗಿಸಿ ನೋಡುವುದು. ಆರು ಪ್ಯಾಡಲ್‌ನಲ್ಲಿ ಎರಡು ತಿರುಗುವುದಿಲ್ಲ, ರಿಪೇರಿಗೆ ಬರೆದು ವರ್ಷವಾಗಿತ್ತು. ಉಳಿದ ನಾಲ್ಕರಲ್ಲೇ ಮಾಡಿದೆವು. ನಮ್ಮ ಮಲೆನಾಡಿನ ಮಳೆಗಾಲದ ಹೊಳೆನೀರಲ್ಲಿ ಆಲ್ಕಲಿನಿಟಿ, ಅಂದರೆ ಹುಳಿ ತಡೆಯುವ ಶಕ್ತಿ, ತೀರಾ ಕಡಿಮೆ, ಅವತ್ತು 24. ಒಂದು ಮಿಲಿಗ್ರಾಂ ಆಲಂ ಸುಮಾರು ಅರ್ಧ ಮಿಲಿಗ್ರಾಂ ಆಲ್ಕಲಿನಿಟಿ ತಿನ್ನುತ್ತದೆ. 80 ಹಾಕಿದರೆ 40 ಬೇಕು. ಇಲ್ಲದ್ದನ್ನು ಎಲ್ಲಿಂದ ತರುವುದು? ನಾನು ಆಲಂ ಏರಿಸಿದಷ್ಟೂ ನೀರು ಹುಳಿಯಾಗುತ್ತಾ ಹೋಗಿತ್ತು, ಅಷ್ಟೇ.

ಮೂರನೇ ಜಾರ್‌ಗೆ 45 ಆಲಂ, ಆ ಕೊರತೆ ತುಂಬಲು 15 ಸುಣ್ಣ. ನಿಧಾನ ತಿರುಗಿಸುವಾಗ ಮೊದಲು ರವೆಯಷ್ಟು ಕಾಣಿಸಿತು. ಹತ್ತು ನಿಮಿಷದಲ್ಲಿ ನೆನೆದ ಸಬ್ಬಕ್ಕಿಯ ಹಾಗೆ ಆಯಿತು. ತಿರುಗಿಸುವುದು ನಿಲ್ಲಿಸಿದ ಮೇಲೆ ಒಂದೊಂದೇ ಕೆಳಗಿಳಿದು, ಮೇಲಿನ ನೀರಿನಾಚೆ ಗೋಡೆಯ ಕ್ಯಾಲೆಂಡರಿನ ಅಂಕಿ ಓದಲು ಬಂತು. ನನಗೆ ಅಳು ಬರುವ ಹಾಗಾಗಿತ್ತು.

ಸುಣ್ಣದ ಸ್ಟಾಕ್ ಇದ್ದದ್ದು ಐದು ಚೀಲ, ಅದರಲ್ಲಿ ಎರಡು ತೇವ ಹಿಡಿದು ಗಟ್ಟಿಯಾಗಿದ್ದವು. ಮಳೆಗಾಲಕ್ಕೆ ಮುಂಚೆ ಸುಣ್ಣ ತರಿಸಿ ಅಂತ ಕೇಳಿದರೆ 'ಆಲಂ ಇದೆಯಲ್ಲಾ' ಅನ್ನುತ್ತಾರೆ ಮೇಲಿನವರು. ಗೋಡೆಗೆ ಅಂಟಿಸಿದ ಡೋಸ್ ಚಾರ್ಟ್‌ನಲ್ಲಿ ಸುಣ್ಣದ ಕಾಲಂ ಇರಲೇ ಇಲ್ಲ. ಈಗ ಇದೆ. ಪೆನ್ನಿನಲ್ಲಿ ಗೆರೆ ಎಳೆದು ನಾನೇ ಬರೆದೆ. ಟರ್ಬಿಡಿಟಿ ದುಪ್ಪಟ್ಟಾದರೆ ಡೋಸ್ ಮುಟ್ಟುವ ಮುಂಚೆ ಜಾರ್, ಪಿಎಚ್, ಆಲ್ಕಲಿನಿಟಿ ಅಂತ ಕೆಳಗೆ ಸೇರಿಸಿದ್ದೇನೆ.

ನೀರು ಹಿಮ್ಮುಖ ಹಾಯಿಸಿ ತೊಳೆದು ಎರಡೂ ಫಿಲ್ಟರ್ ಬ್ಯಾಕ್‌ವಾಶ್ ಆಗಿ, ನೀರು 1ರ ಒಳಗೆ ಬಂದು, ಸಪ್ಲೈ ಬಿಡುವಾಗ ಹನ್ನೊಂದೂವರೆ. ನಾನು ಮನೆಗೆ ಹೋಗದೆ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ನೋಡಲು ಹೋದೆ. 0.3 ಇತ್ತು. ಬಿಂದಿಗೆ ಇಟ್ಟುಕೊಂಡು ಬೆಳಿಗ್ಗೆಯಿಂದ ಕಾದಿದ್ದ ಅಜ್ಜಿಯೊಬ್ಬರು 'ಇವತ್ತು ಯಾಕಪ್ಪ ಇಷ್ಟು ತಡ?' ಅಂದರು. ನನ್ನ ತಪ್ಪು ಅಜ್ಜಿ, ಅಂದೆ. ಬಿಂದಿಗೆ ತುಂಬಿದ ಮೇಲೆ ನಾನೇ ಎತ್ತಿ ಅವರ ಜಗಲಿಗೆ ಇಟ್ಟುಬಂದೆ.