ಗಾಳಿ ಹೋಗುವ ತನಕ

ಹೋಳಿ ಹುಣ್ಣಿಮೆಗೆ ಎರಡು ದಿನ ಇರುವಾಗ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನನ್ನ ದೊಡ್ಡ ಕರುಳಿನ ಬಲಭಾಗವನ್ನು, ಅದರೊಳಗಿದ್ದ ಗಂಟಿನ ಸಮೇತ, ಕತ್ತರಿಸಿ ತೆಗೆದರು. ಏಳನೆಯ ದಿನ ಮನೆಗೆ ಹೋಗಬಹುದೆಂದು ಹೇಳಿದ್ದರು. 32 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಾದ ನಾನು ಕೂಡಲೇ ಲೆಕ್ಕ ಹಾಕಿದೆ. ಹುಣ್ಣಿಮೆಯಾಗಿ ಐದನೆಯ ದಿನಕ್ಕೆ ಶರಣಬಸವೇಶ್ವರರ ತೇರು. ಅಂದರೆ ತೇರಿನ ಹೊತ್ತಿಗೆ ಮನೆಯಲ್ಲಿರುತ್ತೇನೆ. ಲೆಕ್ಕ ತಪ್ಪಿತು. ನಾನು ಮನೆ ಸೇರಿದ್ದು 19ನೆಯ ದಿನ.

ರೋಗ ಪತ್ತೆಯಾದ ಬಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಐದು ತಿಂಗಳು ಕಬ್ಬಿಣಾಂಶದ ಗುಳಿಗೆ ನುಂಗಿದೆನೇ ಹೊರತು, ರಕ್ತ ಎಲ್ಲಿ ಸೋರಿಹೋಗುತ್ತಿದೆ ಎಂದು ನಾನೂ ಕೇಳಲಿಲ್ಲ, ಗುಳಿಗೆ ಬರೆದುಕೊಟ್ಟವರೂ ಕೇಳಲಿಲ್ಲ. ಬಲಗಡೆಯ ಕರುಳಿನ ಗಂಟು ನೋವನ್ನಾಗಲಿ, ಕಣ್ಣಿಗೆ ಕಾಣುವ ರಕ್ತವನ್ನಾಗಲಿ ತೋರದೆ ಒಳಗೊಳಗೇ ಜಿನುಗುತ್ತ ಬೆಳೆಯಬಲ್ಲದು ಎಂಬುದು, ಕ್ಯಾಮೆರಾ ಇರುವ ನಳಿಕೆಯನ್ನು ಕರುಳಿನೊಳಗೆ ಇಳಿಸಿ ನೋಡುವ ಕೊಲೊನೋಸ್ಕೋಪಿ ಆದ ಮೇಲೆ ತಿಳಿಯಿತು. ಬಂಧುಗಳಿಗೆ ನನ್ನ ಹೆಂಡತಿ "ಕರುಳಿನಾಗ ಗಂಟು ಆಗ್ಯಾದ" ಎಂದಷ್ಟೇ ಹೇಳಿದಳು. ಕ್ಯಾನ್ಸರ್ ಎಂಬ ಪದವನ್ನು ನಮ್ಮ ಮನೆಯಲ್ಲಿ ಈಗಲೂ ದನಿ ತಗ್ಗಿಸಿಯೇ ಆಡುತ್ತಾರೆ.

ಮೊದಲ ಮೂರು ದಿನ ಎಲ್ಲವೂ ಹೇಳಿದಂತೆಯೇ ನಡೆಯಿತು. ಎರಡನೆಯ ದಿನ ಮೂತ್ರದ ನಳಿಕೆ ತೆಗೆದರು. ಮೂರು ಬಣ್ಣದ ಚೆಂಡುಗಳಿರುವ ಪ್ಲಾಸ್ಟಿಕ್ ಸಾಧನವೊಂದನ್ನು ಕೈಗಿತ್ತು, ಉಸಿರೆಳೆದು ಚೆಂಡುಗಳನ್ನು ಮೇಲೇರಿಸಬೇಕೆಂದರು. ಹೊಟ್ಟೆಯ ಹೊಲಿಗೆಗೆ ದಿಂಬು ಒತ್ತಿ ಹಿಡಿದು ಎರಡು ಚೆಂಡುಗಳನ್ನು ಏರಿಸಬಲ್ಲವನಾದೆ. ಸಲೈನ್ ಸ್ಟ್ಯಾಂಡನ್ನು ತಳ್ಳಿಕೊಂಡು ವರಾಂಡದ ಕೊನೆಯ ತನಕ ನಡೆದೆ. ಆದರೆ ರೌಂಡ್ಸಿಗೆ ಬಂದ ವೈದ್ಯರು ಪ್ರತಿದಿನ ಕೇಳುತ್ತಿದ್ದ ಒಂದೇ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ಗಾಳಿ ಹೋಯ್ತೇನ್ರಿ ಸರ್?"

ಹೊಟ್ಟೆ ತೆರೆದು ಕರುಳನ್ನು ಮುಟ್ಟಿದರೆ ಅದು ಮುನಿಸಿಕೊಂಡಂತೆ ಚಲನೆ ನಿಲ್ಲಿಸಿಬಿಡುತ್ತದಂತೆ. ಸಾಮಾನ್ಯವಾಗಿ ಸಣ್ಣ ಕರುಳು ಒಂದು ದಿನದೊಳಗೆ, ಜಠರ ಎರಡು ದಿನದೊಳಗೆ, ದೊಡ್ಡ ಕರುಳು ಎಲ್ಲಕ್ಕಿಂತ ತಡವಾಗಿ ಎರಡು ಮೂರು ದಿನಕ್ಕೆ ಎಚ್ಚರಗೊಳ್ಳುತ್ತವೆ. ಅಪಾನವಾಯು ಹೊರಟರೆ ದಾರಿ ತೆರೆದಿದೆ ಎಂದು ಅರ್ಥ. ನನ್ನ ಕರುಳು ಎಚ್ಚರಗೊಳ್ಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಎರಡು ಚಮಚ ಗಂಜಿ ಕುಡಿದೆ. ಮಧ್ಯಾಹ್ನದ ಹೊತ್ತಿಗೆ ಬಿಕ್ಕಳಿಕೆ ಹತ್ತಿತು, ಹೊಟ್ಟೆ ನಗಾರಿಯಂತೆ ಬಿಗಿಯಿತು, ಸಂಜೆ ಹಸಿರು ವಾಂತಿಯಾಯಿತು.

ಅಂದು ರಾತ್ರಿ ಮೂಗಿನೊಳಗೆ ನಳಿಕೆ ಹಾಕಿದರು. ಇಂಗ್ಲೆಂಡಿನ ವೈದ್ಯನೊಬ್ಬನ ಹೆಸರಿನಿಂದ ಅದನ್ನು ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಕುಳಿತು, ಗದ್ದವನ್ನು ಎದೆಗೆ ತಾಗಿಸಿ, ನೀರು ಗುಟುಕರಿಸುತ್ತ ನುಂಗಬೇಕು; ನುಂಗಿದಾಗೆಲ್ಲ ಸಿಸ್ಟರ್ ಒಂದಿಷ್ಟು ಒಳಕ್ಕೆ ತಳ್ಳುತ್ತಾರೆ. ಗಂಟಲಿನಲ್ಲಿ ಅದು ತಿರುಗುವಾಗಿನ ಆ ಹತ್ತು ಸೆಕೆಂಡುಗಳು ಶಸ್ತ್ರಚಿಕಿತ್ಸೆಯ ಇಡೀ ನೋವಿಗಿಂತ ಕಠಿಣವಾಗಿದ್ದವು. ಆದರೆ ನಳಿಕೆ ಜಠರ ತಲುಪಿದ ಕೂಡಲೇ ಚೀಲಕ್ಕೆ 1400 ಮಿಲಿಲೀಟರ್ ಹಸಿರು ದ್ರವ ಇಳಿಯಿತು, ಉಸಿರು ಹಗುರಾಯಿತು. ಮರುದಿನದ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಮ್ 2.9 ಇತ್ತು, 3.5ಕ್ಕಿಂತ ಮೇಲಿರಬೇಕಾದದ್ದು. ಅದು ಕಡಿಮೆಯಾದರೆ ಕರುಳಿನ ಸ್ನಾಯುಗಳು ಇನ್ನಷ್ಟು ಸೋಮಾರಿಯಾಗುತ್ತವೆ, ವಾಂತಿಯಾದರೆ ಅದು ಇನ್ನಷ್ಟು ಕಡಿಮೆಯಾಗುತ್ತದೆ. ನೋವು ಕಳೆಯಲು ಕೊಡುವ ಕೆಲವು ಔಷಧಿಗಳೂ ಕರುಳನ್ನು ಮಲಗಿಸುತ್ತವೆ. ಒಂದನ್ನು ಬಿಡಿಸಲು ಹೋದರೆ ಇನ್ನೊಂದು ಬಿಗಿಯುವ ಗಂಟಿದು.

ಪೊಟ್ಯಾಸಿಯಮ್ ಬೆರೆಸಿದ ಸಲೈನ್ ರಕ್ತನಾಳವನ್ನು ಸುಡುತ್ತದೆ. ಐದನೆಯ ರಾತ್ರಿ ಸೂಜಿ ನಾಳದಿಂದ ಜಾರಿ ನನ್ನ ಎಡಗೈ ಮೊಣಕೈವರೆಗೆ ಊದಿಕೊಂಡಿತು. ಕರೆದೆವು, "ಬೆಳಿಗ್ಗಿ ನೋಡ್ತೀವ್ರಿ" ಎಂಬ ಉತ್ತರ ಬಂತು. ಕೊನೆಗೆ ಹೆಂಡತಿಯೇ ಸಲೈನಿನ ಚಕ್ರವನ್ನು ತಿರುಗಿಸಿ ಹನಿ ನಿಲ್ಲಿಸಿದಳು. ಅಷ್ಟೊಂದು ಹಾಸಿಗೆಗಳಿಗೆ ಒಬ್ಬರೇ ಸಿಸ್ಟರ್ ಇದ್ದರೆಂಬುದು ನನಗೆ ಗೊತ್ತು, ಆದರೂ ಆ ರಾತ್ರಿಯ ಸಿಟ್ಟು ನನ್ನಲ್ಲಿ ಇನ್ನೂ ಪೂರ್ತಿ ಆರಿಲ್ಲ. ಕೈಯ ಬಾವು ಇಳಿಯಲು ಹತ್ತು ದಿನ ಬೇಕಾಯಿತು.

ಆರನೆಯ ದಿನ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಸಣ್ಣ ಕರುಳಿನ ತುದಿಯನ್ನು ಉಳಿದ ದೊಡ್ಡ ಕರುಳಿಗೆ ಹೊಲಿದ ಜಾಗ ಸೋರುತ್ತಿದೆಯೇ ಎಂಬುದು ಅವರ ಚಿಂತೆಯಾಗಿತ್ತು. ಸೋರಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕಾದೀತು ಎಂದರು. ಸೋರಿಕೆ ಇರಲಿಲ್ಲ. ವಿಚಿತ್ರವೆಂದರೆ, ಆ ದಿನಗಳಲ್ಲಿ ನಾನು ಕ್ಯಾನ್ಸರಿನ ಬಗ್ಗೆ ಯೋಚಿಸಲೇ ಇಲ್ಲ. ಎರಡು ತಿಂಗಳು ನಿದ್ದೆಗೆಡಿಸಿದ್ದ ಆ ಭಯವೆಲ್ಲ ಎಲ್ಲಿಗೋ ಸರಿದುಹೋಗಿ, ನನ್ನ ಇಡೀ ಜಗತ್ತು ಚೀಲದಲ್ಲಿ ಎಷ್ಟು ಮಿಲಿಲೀಟರ್ ಬಿದ್ದಿದೆ ಎಂಬ ಒಂದು ಸಂಖ್ಯೆಗೆ ಕುಗ್ಗಿತ್ತು. ಹೆಂಡತಿ ಹಳೆಯ ಡೈರಿಯಲ್ಲಿ ಅದನ್ನು ಬರೆದಿಡುತ್ತಿದ್ದಳು: 1400, 1100, 950, 1000, 600. ನಾಲ್ಕನೆಯ ಸಂಖ್ಯೆ ಮೇಲೇರಿದ ದಿನ ಅವಳು ಊಟ ಮಾಡಲಿಲ್ಲ.

ತೇರಿನ ದಿನ ತಂಗಿ ಜಾತ್ರೆಯಿಂದ ನೇರವಾಗಿ ಆಸ್ಪತ್ರೆಗೆ ಬಂದಳು. ಸೀರೆಯ ಸೆರಗಿನ ತುದಿಯಲ್ಲಿ ಗಂಟು ಹಾಕಿ ತಂದಿದ್ದ ಉತ್ತತ್ತಿಯನ್ನು ಬಿಚ್ಚಿ, "ಅಣ್ಣಾ, ತಿನ್ನಬ್ಯಾಡ, ಕೈಯಾಗರ ಹಿಡ್ಕೊ" ಎಂದಳು. ಏಳು ದಿನ ಅನ್ನ ಕಾಣದ ಮೂಗಿಗೆ, ನಳಿಕೆಯ ಪಕ್ಕದಿಂದಲೇ, ಅದರ ಸಿಹಿ ವಾಸನೆ ಹೋಗಿ ಮುಟ್ಟಿತು.

ಪಕ್ಕದ ಹಾಸಿಗೆಯಲ್ಲಿ ಜೇವರ್ಗಿ ಕಡೆಯ ಹಿರಿಯ ರೈತರೊಬ್ಬರಿದ್ದರು. ತೊಗರಿ ರಾಶಿ ಮುಗಿಸಿ ಹರ್ನಿಯಾ ಆಪರೇಷನ್ನಿಗೆ ಬಂದವರು. ವೈದ್ಯರಿಗಿಂತ ಮೊದಲೇ ದಿನಕ್ಕೆ ನಾಲ್ಕು ಬಾರಿ ನನ್ನ ಗಾಳಿಯ ವಿಚಾರಣೆ ಮಾಡುತ್ತಿದ್ದರು. ಒಂಬತ್ತನೆಯ ದಿನ ಬೆಳಗಿನ ಜಾವ, ಇಡೀ ವಾರ್ಡು ನಿದ್ದೆಯಲ್ಲಿದ್ದಾಗ ಅದು ಸಂಭವಿಸಿತು, ಅದೂ ನಿಶ್ಶಬ್ದವಾಗಿ ಅಲ್ಲ. ಕತ್ತಲೆಯಲ್ಲಿ ಪಕ್ಕದಿಂದ ದನಿ ಬಂತು: "ಮಾಸ್ತರ್ರ, ಪಾಸಾದ್ರಿ ನೋಡ್ರಿ!" ಹೊಲಿಗೆ ಹಿಡಿದುಕೊಂಡು ನಕ್ಕೆ. ಹೆಂಡತಿ ಎದ್ದು ಕುಳಿತು ಅತ್ತಳು.

ಅಷ್ಟಕ್ಕೇ ಮುಗಿಯಲಿಲ್ಲ. ಹತ್ತನೆಯ ದಿನ ಜ್ವರ 101 ದಾಟಿತು. ಹೊಕ್ಕುಳ ಕೆಳಗಿನ ಗಾಯ ಕೆಂಪೇರಿತ್ತು. ಅಲ್ಲಿ ಚರ್ಮ ಕೂಡಿಸಲು ಹಾಕಿದ್ದ ನಾಲ್ಕು ಪಿನ್ನುಗಳನ್ನು ಕಿತ್ತ ಕೂಡಲೇ ಕೀವು ಹರಿಯಿತು. ಇಂತಹ ಗಾಯವನ್ನು ಮತ್ತೆ ಹೊಲಿದು ಮುಚ್ಚಿಬಿಡುವುದಿಲ್ಲ. ಒಳಗೆ ಗಾಜ್ ಬಟ್ಟೆ ತುಂಬಿ ತೆರೆದೇ ಇಡುತ್ತಾರೆ. ಮೇಲಿನ ಚರ್ಮ ಮೊದಲು ಕೂಡಿದರೆ ಕೀವು ಒಳಗೇ ಉಳಿಯುತ್ತದಾದ್ದರಿಂದ ಅದು ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು. ಪ್ರತಿದಿನ ಹಳೆಯ ಗಾಜನ್ನು ಎಳೆದು ತೆಗೆಯುವಾಗ ನಾನು ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಸಾಮಾನ್ಯವಾಗಿ 17×8ಕ್ಕೆ ಬರುವಷ್ಟರಲ್ಲಿ ಮುಗಿಯುತ್ತಿತ್ತು.

ಬಯಾಪ್ಸಿ ವರದಿ ಬಂದಿದ್ದು ಈ ಗದ್ದಲದ ನಡುವೆ. ರೋಗ ಕರುಳಿನಾಚೆ ಹರಡಿದೆಯೇ ಎಂದು ತಿಳಿಯಲು, ಕರುಳಿನ ಜೊತೆಗೇ ತೆಗೆದ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಕನಿಷ್ಠ 12ನ್ನು ಪರೀಕ್ಷಿಸಬೇಕಂತೆ. ನನ್ನವು 17 ಸಿಕ್ಕಿದ್ದವು, ಒಂದರಲ್ಲಿ ರೋಗವಿತ್ತು. ಆ ಒಂದರಿಂದಾಗಿ ಮೂರನೆಯ ಹಂತ ಎಂದು ಬರೆದರು, ಕೀಮೋಥೆರಪಿ ಬೇಕೆಂದರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ನಮ್ಮ ಊರಿನಲ್ಲೇ ಇರುವುದರಿಂದ ಸೊಲ್ಲಾಪುರ, ಹೈದರಾಬಾದ್ ಎಂದು ಅಲೆಯದೆ ಅಲ್ಲಿಯೂ ಒಂದು ಅಭಿಪ್ರಾಯ ಕೇಳಿದೆವು. ಗಾಯ ಮಾಯುವ ತನಕ ಕಾಯಬೇಕಾಯಿತು.

ಕಳೆದ ವಾರ ಮೊದಲ ಸುತ್ತು ಮುಗಿಯಿತು. ಆಕ್ಸಾಲಿಪ್ಲಾಟಿನ್ ಎಂಬ ಆ ಔಷಧಿಗೂ ತಣ್ಣನೆಯದಕ್ಕೂ ಆಗದು. ತಣ್ಣೀರು ಕುಡಿದರೆ ಗಂಟಲು ಹಿಡಿದಂತಾಗುತ್ತದೆ, ಫ್ರಿಜ್ಜಿಗೆ ಕೈ ಹಾಕಿದರೆ ಬೆರಳಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ಹೊರಗೆ 42 ಡಿಗ್ರಿ ಬಿಸಿಲು. ಹೆಂಡತಿ ಪಡಸಾಲೆಯಲ್ಲಿದ್ದ ಮಣ್ಣಿನ ಗಡಿಗೆಯನ್ನು ನನ್ನ ಕಣ್ಣಿಗೆ ಬೀಳದಂತೆ ಅಡುಗೆಮನೆಯ ಮೂಲೆಗೆ ಒಯ್ದಿಟ್ಟು, ಪ್ರತಿ ಗಂಟೆಗೊಮ್ಮೆ ಒಂದು ಲೋಟ ಬಿಸಿನೀರು ತಂದು ಮುಂದಿಡುತ್ತಾಳೆ.