ಕೊನೆಯ ಪದ ಬಲದಿಂದ ಎಡಕ್ಕೆ

"ಆ ಮನುಷ್ಯ ಮತ್ತೆ ತನ್ನ ಊರಿಗೆ ಹೋದನೇ?" ಮಂಗಳವಾರ ರಾತ್ರಿ ಶಾರ್ಜಾದಿಂದ ದುಬೈಗೆ ಬರುವಾಗ ಟ್ಯಾಕ್ಸಿ ಚಾಲಕರೊಬ್ಬರು ಕೇಳಿದ ಈ ಪ್ರಶ್ನೆ ನಾಲ್ಕು ದಿನವಾದರೂ ನನ್ನನ್ನು ಬಿಟ್ಟಿಲ್ಲ.

ಯಾವ ಊರು ಎಂದು ವಿಚಾರಿಸಿದಾಗ ಅವರು ಮೊದಲು ಪಾಕಿಸ್ತಾನದ ಮರ್ದಾನ್ ಎಂದಷ್ಟೇ ಹೇಳಿದ್ದರು. ಮರ್ದಾನಿನಲ್ಲಿ ಎಲ್ಲಿ ಎಂದು ಬಿಡದೆ ಕೇಳಿದ ಮೇಲೆ ಶಹಬಾಜ್‌ಗಢಿ ಎಂಬ ಹೆಸರು ಬಂತು. "ಅಶೋಕನ ಬಂಡೆಯ ಊರೇ?" ಎಂದಾಗ ಕನ್ನಡಿಯಲ್ಲಿ ನನ್ನನ್ನು ಒಮ್ಮೆ ದಿಟ್ಟಿಸಿ, ಹುಡುಗನಾಗಿದ್ದಾಗ ಆ ಗುಡ್ಡದಲ್ಲಿ ಮೇಕೆ ಮೇಯಿಸಿದ್ದನ್ನೂ ಊರಿನ ಸುತ್ತಲಿನ ತಂಬಾಕು, ಕಬ್ಬಿನ ಹೊಲಗಳನ್ನೂ ಒಂದೇ ಉಸಿರಿನಲ್ಲಿ ಹೇಳತೊಡಗಿದರು. ಜೊತೆಯಲ್ಲಿದ್ದ ನನ್ನ ಸಹೋದ್ಯೋಗಿ ಮೆಲ್ಲನೆ ನನ್ನ ಮೊಣಕಾಲು ಒತ್ತಿ, ಮಾತು ಸಾಕು ಎಂಬಂತೆ ಸನ್ನೆ ಮಾಡಿದರು. ಅವರು ಒಳ್ಳೆಯ ಮನುಷ್ಯರೇ. ಆದರೆ ಒಬ್ಬನ ದೇಶದ ಹೆಸರು ಕಿವಿಗೆ ಬಿದ್ದೊಡನೆ ಅವನ ಊರಿನ ಹೆಸರಿಗೆ ಕಿವಿ ಮುಚ್ಚಿಕೊಳ್ಳುವ ಈ ಎಚ್ಚರಿಕೆ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಮರ್ದಾನಿನಿಂದ ಸುಮಾರು 12 ಕಿಲೋಮೀಟರ್ ದೂರದ ಆ ಪುಟ್ಟ ಊರು ಒಂದು ಕಾಲಕ್ಕೆ ದಾರಿಗಳು ಕೂಡುವ ಸ್ಥಳವಾಗಿತ್ತು. ಗಾಂಧಾರದ ಹಳೆಯ ನಗರ ಪುಷ್ಕಲಾವತಿಯಿಂದ ಹೊರಟವರು ಸಿಂಧೂ ನದಿಯನ್ನು ದಾಟಿ ತಕ್ಷಶಿಲೆಗೆ ಹೋಗುವ ಹಾದಿಯಲ್ಲಿ ಅದು ಸಿಗುತ್ತಿತ್ತು. 7ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಹ್ಯುಯೆನ್ ತ್ಸಾಂಗ್, ಕೇಳಿದವರಿಗೆಲ್ಲ ದಾನ ಕೊಟ್ಟು ಕೊನೆಗೆ ಮಕ್ಕಳನ್ನೂ ಕೊಟ್ಟುಬಿಟ್ಟ ರಾಜಕುಮಾರನ ಕಥೆಯನ್ನು ಆ ನೆಲದ ಕಥೆಯೆಂದೇ ಬರೆದುಕೊಂಡ. 1838ರಲ್ಲಿ ಬ್ರಿಟಿಷ್ ಅನ್ವೇಷಕ ಚಾರ್ಲ್ಸ್ ಮ್ಯಾಸನ್ ಬಂಡೆಯನ್ನು ಶುಚಿಗೊಳಿಸಿ ಬಟ್ಟೆಯ ಮೇಲೆ ಅಚ್ಚು ತೆಗೆದುಕೊಂಡ ಮೇಲೆಯೇ ಹೊರಗಿನ ವಿದ್ವಾಂಸರಿಗೆ ಅದನ್ನು ಓದಲು ಸಾಧ್ಯವಾದದ್ದು. ಕಳಿಂಗ ಯುದ್ಧದ ಬಗೆಗಿನ ಅಶೋಕನ ಪಶ್ಚಾತ್ತಾಪ ಅಲ್ಲಿದೆ. ತನ್ನ ಮತವನ್ನು ಹೊಗಳಿಕೊಂಡು ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ ಎಂಬ 12ನೆಯ ಶಾಸನವಂತೂ ಅಲ್ಲಿ ಪ್ರತ್ಯೇಕವಾಗಿ ಇನ್ನೊಂದು ಬಂಡೆಯ ಮೇಲಿದೆ. ಎಲ್ಲವೂ ವಾಯವ್ಯದ ಕಡೆ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ. ನಾವು ಲಿಪಿ ಎನ್ನುವುದನ್ನು ಆ ಬಂಡೆ ಹಳೆಯ ಪಾರಸಿಯ ಪದದಲ್ಲಿ 'ದಿಪಿ' ಎನ್ನುತ್ತದೆ.

ನಾನು ಮೊಳಕಾಲ್ಮೂರು ತಾಲ್ಲೂಕಿನವನು. ನಮ್ಮ ಬ್ರಹ್ಮಗಿರಿಯಲ್ಲಿಯೂ ಅದೇ ಅರಸನ ಮಾತಿದೆ: ತಂದೆತಾಯಿಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ಅದನ್ನು ಬರೆದವನು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರನಿಂದ' ಎಂಬರ್ಥದ 'ಲಿಪಿಕರೇಣ' ಎಂಬ ಕೊನೆಯ ಪದವೊಂದನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅವನು ವಾಯವ್ಯದ ಕಡೆಯವನಿರಬೇಕೆಂದು ವಿದ್ವಾಂಸರು ಊಹಿಸುವುದು ಇದರಿಂದಲೇ. "ನಿಮ್ಮ ಕಡೆಯ ಒಬ್ಬರು 2,200 ವರ್ಷಗಳಿಗೂ ಹಿಂದೆ ನಮ್ಮೂರಿಗೆ ಕೆಲಸಕ್ಕೆ ಬಂದು, ಕೊನೆಯ ಪದವನ್ನು ನಿಮ್ಮ ಕಡೆಯ ಅಕ್ಷರದಲ್ಲಿ ಬರೆದಿದ್ದಾರೆ" ಎಂದು ಚಾಲಕರಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಕೇಳಿದ್ದೇ ಆ ಪ್ರಶ್ನೆ: "ಆ ಮನುಷ್ಯ ಮತ್ತೆ ತನ್ನ ಊರಿಗೆ ಹೋದನೇ?"

ಶಾಸನ ಅದನ್ನು ಹೇಳುವುದಿಲ್ಲ ಎಂದೆ. ಉತ್ತರ ಸರಿಯಾಗಿತ್ತು, ಆದರೆ ಅವರಿಗೆ ಬೇಕಾಗಿದ್ದ ಉತ್ತರ ಅದಾಗಿರಲಿಲ್ಲ. ಅವರು ಊರು ನೋಡಿ ಮೂರು ವರ್ಷವಾಗಿದೆ; ಕಿರಿಯ ಮಗಳನ್ನು ಕಂಡಿರುವುದು ಫೋನಿನ ಪರದೆಯಲ್ಲಿ ಮಾತ್ರ. ಎಷ್ಟೋ ಸಲ ಬ್ರಹ್ಮಗಿರಿಯ ಮುಂದೆ ನಿಂತಿದ್ದೇನೆ, ಬಂದವರಿಗೆ ಆ ಪದವನ್ನು ಹೆಮ್ಮೆಯಿಂದ ತೋರಿಸಿದ್ದೇನೆ. ಬರೆದವನಿಗೂ ಒಂದು ಮನೆಯಿತ್ತು, ಅಲ್ಲಿ ಅವನಿಗಾಗಿ ಕಾಯುವವರಿದ್ದರು ಎಂಬುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಇಳಿಯುವ ಮುನ್ನ ಆ ಪದದ ಚಿತ್ರವನ್ನು ನನ್ನ ಫೋನಿನಲ್ಲಿ ತೋರಿಸಿದೆ. ಅವರು ಗಾಡಿಯೊಳಗಿನ ದೀಪ ಹಾಕಿ, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಐದು ಅಕ್ಷರಗಳ ಮೇಲೆ ನಿಧಾನವಾಗಿ ಬೆರಳು ಸರಿಸಿದರು. ಬೆರಳು ಬಲತುದಿಯಿಂದ ಹೊರಟಿತು. ಯಾವ ಕಡೆಯಿಂದ ಓದಬೇಕೆಂದು ನಾನು ಹೇಳಿರಲಿಲ್ಲ.